ಎರಡೂ ಕಡೆಯ ಕೀಚುಗ

3 ನವೆಂಬರ್ 2024, ಭಾನುವಾರ

ಮನೆಯ ಹಿಂದಿನ ಪದವಿಗೆ, ಆ ಕೆಂಪು ಮುರಕಲ್ಲಿನ ಬಯಲಿಗೆ, ಕೀಚುಗ ಹಕ್ಕಿ ಬಂದಿದೆ. ಪ್ರತಿವರ್ಷ ಚಳಿಗಾಲ ಕಳೆಯಲು ಉತ್ತರದಿಂದ ಬರುವ ಕಂದು ಕೀಚುಗವೇ ಇರಬೇಕೆಂದುಕೊಂಡು ದುರ್ಬೀನು ಎತ್ತಿದೆ. ಕಣ್ಣಿಗೆ ಕಳ್ಳನ ಹಾಗೆ ಕಟ್ಟಿಕೊಂಡ ಕಪ್ಪು ಪಟ್ಟಿ, ತುದಿ ಬಾಗಿದ ದಪ್ಪ ಕೊಕ್ಕು, ಕಂದು ಬೆನ್ನು, ಎಲ್ಲ ಸರಿ. ಬಾಲ ಮಾತ್ರ ಸರಿಯಿಲ್ಲ. ಕಂದು ಕೀಚುಗದ ಬಾಲ ಇಷ್ಟು ಕೆಂಪಾಗಿರಬಾರದು. ಅಂಥ ಬಾಲವಿರುವುದು ಕೆಂಪುಬಾಲದ ಕೀಚುಗಕ್ಕೆ. ಅದು ಗುಜರಾತು, ರಾಜಸ್ಥಾನಗಳಲ್ಲಿ ಚಳಿಗಾಲ ಕಳೆಯುವ ಹಕ್ಕಿ. ಅದನ್ನು ಬಿಟ್ಟು ನಮ್ಮ ಬೆಳ್ತಂಗಡಿಗೆ ಬಂದು, ಗಡಾಯಿಕಲ್ಲಿನ ಗುಡ್ಡ ನೋಡುತ್ತ ಬೇಲಿಗಂಬದ ಮೇಲೆ ಕೂರಲು ಅದಕ್ಕೇನು ಕಾರಣ?

ಈ ದಿನಚರಿಯಲ್ಲಿ ಹಕ್ಕಿಗಳನ್ನು ಬಿಟ್ಟು ಬೇರೇನೂ ಬರೆಯಬಾರದೆಂಬುದು ಮೂಡುಬಿದಿರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರಾಗಿದ್ದ ಕಾಲದಿಂದ ನಾನೇ ಹಾಕಿಕೊಂಡ ನಿಯಮ. ಆದರೂ ಇದೊಂದನ್ನು ನಮೂದಿಸುತ್ತೇನೆ: ಮಗಳು ನವ್ಯಶ್ರೀ ಹೆರಿಗೆಗೆಂದು ಮನೆಗೆ ಬಂದಿದ್ದಾಳೆ. ಪರಮೇಶ್ವರಿಗೆ ಬಾಣಂತಿ ಮದ್ದಿನ ಗಡಿಬಿಡಿಯಲ್ಲಿ ಗಂಡ ಎಂಬವನೊಬ್ಬ ಮನೆಯಲ್ಲಿದ್ದಾನೆಂಬುದೇ ಮರೆತಿದೆ. ನವ್ಯಳ ಗಂಡ ಬಿ.ಸಿ.ರೋಡಿನಲ್ಲಿ ಹೋಟೆಲು ನಡೆಸುವವರು. ಭಾನುವಾರ ಸಂಜೆ ಬಂದು ಹೋಗುತ್ತಾರೆ. ಆ ಹೊತ್ತಿಗೆ ನಾನು ಪದವಿನಲ್ಲಿರುತ್ತೇನೆ. ಹಕ್ಕಿಗಳು ಸಂಜೆ ಚುರುಕು.

10 ನವೆಂಬರ್, ಭಾನುವಾರ

ಕೀಚುಗ ಅದೇ ಕಂಬದ ಮೇಲಿದೆ. ಹಿತ್ತಿಲ ಲಿಂಬೆಗಿಡದ ಮುಳ್ಳಿಗೆ ಮಿಡತೆಯೊಂದನ್ನು ಚುಚ್ಚಿಟ್ಟು, ಹರಿದು ತಿಂದಿತು. ಈ ಜೀವಿಗೆ ಇಂಗ್ಲಿಷರು ಕಟುಕನ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಇವತ್ತು ನವ್ಯ ಪದವಿನವರೆಗೆ ನಡೆದು ಬಂದಳು. ತುಂಬಿದ ಬಸುರಿ ಮುರಕಲ್ಲಿನ ಮೇಲೆ ನಡೆಯಬಾರದು ಎಂದು ಗದರಿದೆ. ಅವಳು ಕಲ್ಲಿನ ಮೇಲೆ ಕೂತೇಬಿಟ್ಟಳು. ಮನೆಯ ಹವ್ಯಕ ಮಾತನ್ನೂ ಶಾಲೆಯ ಕನ್ನಡಕ್ಕೆ ತಿರುಗಿಸಿ ಬರೆಯುವುದು ನನ್ನ ಚಾಳಿ. ಹಾಗೆ ಬರೆದರೆ ಅವಳು ಹೇಳಿದ್ದು ಇಷ್ಟು:

"ಅಪ್ಪ, ಮಗುವಿಗೆ ಹೆಸರಿಡುವುದು ಬಂಟ್ವಾಳದಲ್ಲಿ, ಅವರ ಮನೆಯಲ್ಲಿ. ಮದುವೆ ದಿನ ಮಾಡಿದ ಹಾಗೆ ಊಟ ಮಾಡದೆ ಎದ್ದು ಹೋಗುವುದಾದರೆ ನೀವು ಬರುವುದೇ ಬೇಡ. ಆದರೆ ಬರದಿದ್ದರೆ ನಾನೂ ಇನ್ನು ಈ ಮನೆಗೆ ಬರುವುದಿಲ್ಲ. ಸಿಟ್ಟಿನಿಂದ ಹೇಳುವುದಲ್ಲ. ನನಗೆ ಸಾಕಾಯಿತು."

ಮದುವೆ ದಿನ ನನಗೆ ಹೊಟ್ಟೆ ಸರಿಯಿರಲಿಲ್ಲ. ಅದನ್ನು ಆಗಲೇ ಎಲ್ಲರಿಗೂ ಹೇಳಿದ್ದೇನೆ. ಅವರು ಶೆಟ್ಟರು, ನಾವು ಭಟ್ಟರು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಡುಗೆಗೆ ಭಟ್ಟರನ್ನೇ ಕರೆಸಿದ್ದರು. ನನ್ನ ಹೊಟ್ಟೆ ಮಾತ್ರ ಸರಿಯಿರಲಿಲ್ಲ.

ಆ ಮದುವೆಯ ನಂತರ ಒಂದೆರಡು ಸಲ ಅವರ ಮನೆಗೆ ಹೋದದ್ದುಂಟು. ನಮ್ಮಲ್ಲಿ ಹಳೆಯ ಕ್ರಮದವರು ಬೇರೆಯವರ ಮನೆಯಲ್ಲಿ ಬೇಯಿಸಿದ್ದನ್ನು ತಿನ್ನುವುದಿಲ್ಲ. ಅದನ್ನು ತಿಳಿದವರು ಕೇಳುವ ಗೋಜಿಗೂ ಹೋಗದೆ ಎಳನೀರಿನ ಸೀಯಾಳ ಕೆತ್ತಿ ಕೊಡುತ್ತಾರೆ. ಅಳಿಯ ಶಿಶಿರ್ ಅವರ ತಾಯಿ ಜಲಜಾಕ್ಷಿಯವರು ನನಗೆ ಯಾವಾಗಲೂ ಸೀಯಾಳವನ್ನೇ ಕೊಡುವುದು. ಬಹಳ ಮರ್ಯಾದೆಯ ಹೆಂಗಸು.

ನವ್ಯಳನ್ನು ಕೈಹಿಡಿದು ಮನೆಗೆ ಕರೆತಂದೆ. ಕೈ ಊದಿಕೊಂಡಿದೆ. ಉಪ್ಪು ಕಡಿಮೆ ಮಾಡಲು ಪರಮೇಶ್ವರಿಗೆ ಹೇಳಬೇಕು.

21 ನವೆಂಬರ್

ಮೂಡುಬಿದಿರೆಯ ಲೋಕನಾಥನಿಗೆ ಕೀಚುಗದ ಫೋಟೊ ಕಳಿಸಿದೆ. ನನ್ನ ಹಳೆಯ ಸಹೋದ್ಯೋಗಿ, ಈಗ ಜಿಲ್ಲೆಯ ಹಕ್ಕಿದಾಖಲೆಗಳನ್ನು ಪರಿಶೀಲಿಸುವವನು. ಅವನು ಒಪ್ಪದೆ ಯಾವ ಹಕ್ಕಿಯೂ ಜಿಲ್ಲೆಯೊಳಗೆ ಬರುವಂತಿಲ್ಲ. ಫೋನಿನಲ್ಲಿ ನಕ್ಕುಬಿಟ್ಟ. "ಮಾರಾಯ, ಅದು ಕಂದು ಕೀಚುಗವೇ. ನಿನ್ನ ಪದವಿನಾಚೆ ಕಲ್ಲು ಕೊಯ್ಯುವ ಕೋರೆ ಉಂಟಲ್ಲ, ಆ ಮುರಕಲ್ಲಿನ ಧೂಳು ಬಾಲಕ್ಕೆ ಹಿಡಿದಿದೆ. ಒಂದು ಮಳೆ ಬರಲಿ, ನೋಡುವ" ಎಂದ.

ಧೂಳು! ಮೂವತ್ತು ವರ್ಷ ಹಕ್ಕಿ ನೋಡಿದವನಿಗೆ ಧೂಳು ಯಾವುದು, ಬಣ್ಣ ಯಾವುದೆಂದು ತಿಳಿಯದೆ? ಆದರೂ ಅಂಗಳದಲ್ಲಿ ಒಣಗಿದ ಬಟ್ಟೆಗಳನ್ನು ನೋಡಿದೆ. ನನ್ನ ಬಿಳಿ ಪಂಚೆಗೆ ಪದವಿನ ಕೆಂಪು ಹತ್ತಿರುವುದು ನಿಜ. ಮನಸ್ಸು ಸ್ವಲ್ಪ ಸಪ್ಪಗಾಯಿತು.

4 ಡಿಸೆಂಬರ್, ಬುಧವಾರ

ಚಂಡಮಾರುತದ ಮಳೆ ನಿನ್ನೆಯಿಡೀ ಹೊಡೆಯಿತು. ಶಾಲೆಗಳಿಗೆಲ್ಲ ರಜೆ. ನವ್ಯಳಿಗೆ ಬೆನ್ನುನೋವು ಹೆಚ್ಚಾಗಿ, ಅವಳ ಗಂಡ ಹೋಟೆಲು ಬಿಟ್ಟು ಆ ಮಳೆಯಲ್ಲೇ ಬಂದರು. ಅವರು ಬರುವ ಹೊತ್ತಿಗೆ ನೋವು ಕಡಿಮೆಯಾಗಿತ್ತು. ರಾತ್ರಿ ಇಲ್ಲೇ ಉಳಿದರು.

ಬೆಳಿಗ್ಗೆ ನಾನು ಪದವಿಗೆ ಹೊರಟಾಗ ಅವರೂ ಹಿಂದೆಯೇ ಬಂದರು. ಬೇಡವೆನ್ನಲು ಕಾರಣ ಸಿಗಲಿಲ್ಲ. ಕೀಚುಗ ರೆಕ್ಕೆ ಅಗಲಿಸಿ ಬಿಸಿಲಿಗೆ ಒಣಗುತ್ತಿತ್ತು. ತೊಳೆದಿಟ್ಟ ಹಾಗಿದೆ ಹಕ್ಕಿ, ಬಾಲ ಮೊದಲಿಗಿಂತಲೂ ಕೆಂಪು! ಖುಷಿಯಲ್ಲಿ ಪಕ್ಕದಲ್ಲಿ ಯಾರಿದ್ದಾರೆಂದು ನೋಡದೆ ಭುಜ ಹಿಡಿದು ಅಲ್ಲಾಡಿಸಿಬಿಟ್ಟೆ. ಶಿಶಿರ್ ಅಷ್ಟೇ ಗಂಭೀರವಾಗಿ, "ಹಾಗಾದ್ರೆ ಧೂಳಲ್ಲ ಅಲ್ವಾ ಮಾವ" ಎಂದರು. ಧೂಳಿನ ವಿಷಯ ಇವರಿಗೆ ಹೇಳಿದ್ದು ಯಾರು? ನವ್ಯ ಇರಬೇಕು. ಅಂದರೆ ನಾನು ಊಟದ ಹೊತ್ತಿಗೆ ಗೊಣಗುವುದನ್ನು ಅವಳು ಕೇಳಿಸಿಕೊಳ್ಳುತ್ತಾಳೆ.

8 ಡಿಸೆಂಬರ್, ಭಾನುವಾರ

ಬಾಲ ಕೆಂಪಾದ ಮಾತ್ರಕ್ಕೆ ಕೆಂಪುಬಾಲದ ಕೀಚುಗ ಎನ್ನುವ ಹಾಗೂ ಇಲ್ಲ. ಬೆನ್ನು ಅದಕ್ಕಿರಬೇಕಾದಷ್ಟು ತೆಳು ಬಣ್ಣದ್ದಲ್ಲ, ಗಾಢ ಕಂದು. ಕೊಕ್ಕು ದಪ್ಪ. ಉತ್ತರದ ಪರ್ವತಗಳಲ್ಲಿ ಈ ಹತ್ತಿರದ ಸಂಬಂಧಿಗಳ ನೆಲೆಗಳು ಕೆಲವು ಕಡೆ ಒಂದಕ್ಕೊಂದು ತಾಗುತ್ತವೆ, ಅಲ್ಲಿ ಜೋಡಿಯಾಗುವುದೂ ಉಂಟೆಂದು ಓದಿದ್ದೇನೆ. ಇದನ್ನೆಲ್ಲ ಮಧ್ಯಾಹ್ನ ಊಟ ಮಾಡುತ್ತ ಪರಮೇಶ್ವರಿಗೆ ವಿವರಿಸುತ್ತ, "ಈಗ ಗೊತ್ತಾಯಿತು, ಅದು ಶುದ್ಧ ಬೆರಕೆ" ಎಂದೆ. ಶಿಶಿರ್ ಕೂಡ ಊಟಕ್ಕಿದ್ದರು.

ನವ್ಯ ಕೈತೊಳೆದು ಎದ್ದುಹೋದಳು. ತಟ್ಟೆಯಲ್ಲಿ ಅನ್ನ ಹಾಗೆಯೇ ಇತ್ತು.

ನಾನು ಹೇಳಿದ್ದು ಹಕ್ಕಿಯ ವಿಷಯ. ಪರಮೇಶ್ವರಿ ನನ್ನನ್ನು ಒಂದು ನೋಟ ನೋಡಿದಳು, ಅಷ್ಟೆ. ಶಿಶಿರ್ ಮಜ್ಜಿಗೆ ಬಡಿಸಿಕೊಂಡು, "ಬೆರಕೆ ಹಕ್ಕಿ ಮರಿ ಮಾಡ್ತದಾ ಮಾವ?" ಎಂದು ಕೇಳಿದರು, ಏನೂ ಆಗದ ಹಾಗೆ. ಮಾಡುತ್ತದೆ ಎಂದೆ.

9 ಡಿಸೆಂಬರ್

ನವ್ಯ ಮಾತಾಡಲಿಲ್ಲ. ಹಕ್ಕಿ ಇತ್ತು.

10 ಡಿಸೆಂಬರ್

ಇನ್ನು ಅದನ್ನು 'ಮಿಶ್ರ' ಎಂದೇ ಬರೆಯುವುದು. ವೈಜ್ಞಾನಿಕವಾಗಿಯೂ ಅದೇ ಸರಿ.

19 ಡಿಸೆಂಬರ್, ಗುರುವಾರ

ಹೆಣ್ಣು ಮಗು. ತಾಯಿ, ಮಗು ಕ್ಷೇಮ.

ಆಸ್ಪತ್ರೆಯಲ್ಲಿ ಎರಡೂ ಕಡೆಯವರು ಮಗುವಿನ ಸುತ್ತ ನಿಂತು ಗುರುತು ಹಿಡಿಯತೊಡಗಿದರು. ಕಿವಿ ಪರಮೇಶ್ವರಿಯದ್ದು. ಮೂಗು ಜಲಜಾಕ್ಷಿಯವರದ್ದು. ಹಣೆ ಶಿಶಿರ್ ಅವರ ತೀರಿಹೋದ ತಂದೆ ಶೇಖರ ಶೆಟ್ಟರದ್ದು. ಕಾಲ್ಬೆರಳಿಗೂ ಒಬ್ಬರು ವಾರಸುದಾರರು ಸಿಕ್ಕಿದರು. ನನ್ನ ಅಭಿಪ್ರಾಯ ಕೇಳಿದಾಗ, ಮರಿಗಳನ್ನು ಗುರುತಿಸುವುದು ಕಷ್ಟ, ಪುಕ್ಕ ಬಲಿಯುವವರೆಗೆ ಕಾಯಬೇಕು ಎಂದೆ. ಎಲ್ಲರೂ ನಕ್ಕರು. ನವ್ಯಳೂ ನಕ್ಕಳು. ಹನ್ನೊಂದು ದಿನದ ನಂತರ ನಕ್ಕದ್ದು.

ಹಕ್ಕಿ ನೋಡಲು ಹೋಗಲಿಲ್ಲ.

2 ಜನವರಿ 2025

ಮಗುವಿಗೆ ಸ್ವಲ್ಪ ಅರಶಿನ ಕಾಮಾಲೆಯ ಛಾಯೆ ಉಂಟು, ಹೆದರಬೇಕಾಗಿಲ್ಲ, ಬೆಳಗಿನ ಎಳೆಬಿಸಿಲು ತಾಗಲಿ ಎಂದರು ಡಾಕ್ಟರು. ಎಳೆಬಿಸಿಲು ಬೀಳುವುದು ಹಿಂದಿನ ಜಗಲಿಗೆ. ಆ ಹೊತ್ತಿಗೆ ಅಲ್ಲಿ ದುರ್ಬೀನು ಹಿಡಿದು ಕೂರುವವನು ನಾನು. ಆದ್ದರಿಂದ ಮಗುವನ್ನು ನನ್ನ ಮಡಿಲಿಗೆ ಹಾಕಿ ಹೋಗುತ್ತಾರೆ. ಇದು ಅನುಕೂಲದ ಪ್ರಶ್ನೆ, ಮತ್ತೇನಲ್ಲ.

ಒಂದು ಕೈಯಲ್ಲಿ ಮಗು ಇದ್ದರೆ ದುರ್ಬೀನು ಹಿಡಿಯಲು ಬರುವುದಿಲ್ಲ. ಬರಿಗಣ್ಣಿನಲ್ಲೇ ನೋಡಿದೆ. ಕೀಚುಗ ಕಂಬದಿಂದ ಹಾರಿ ನೆಲಕ್ಕಿಳಿದು ಏನನ್ನೋ ಹಿಡಿದು ಮತ್ತೆ ಕಂಬಕ್ಕೆ. ಮಗು ಆಕಳಿಸಿತು. ಆಕಳಿಸುವಾಗ ನವ್ಯ ಹುಟ್ಟಿದಾಗಿನ ಮುಖವೇ. ಬಾಯಿ ಮುಚ್ಚಿದರೆ ಶಿಶಿರ್ ಅವರ ಗಲ್ಲ. ಎರಡೂ ಒಂದೇ ಮುಖದಲ್ಲಿ ಜಗಳವಿಲ್ಲದೆ ಕೂತಿವೆ.

ಜನವರಿಯಲ್ಲಿ ನಿತ್ಯವೂ ಹೀಗೆಯೇ ಕೂರುವುದಾದರೆ ಹಕ್ಕಿಯ ವಿವರಗಳು ಹಿಂದುಳಿಯುತ್ತವೆ. ಪರವಾಗಿಲ್ಲ.

19 ಜನವರಿ, ಭಾನುವಾರ

ಜಲಜಾಕ್ಷಿಯವರು ಮೊಮ್ಮಗಳನ್ನು ನೋಡಲು ಬಂದಿದ್ದರು. ಮಾರ್ಚ್ ಹದಿನಾರಕ್ಕೆ ತಾಯಿ, ಮಗು ಇಬ್ಬರನ್ನೂ ಬಂಟ್ವಾಳಕ್ಕೆ ಕರೆದುಕೊಂಡು ಹೋಗಿ, ಅಂದೇ ಹೆಸರಿಡುವುದೆಂದು ಮಾತಾಯಿತು. ನಮ್ಮ ಪುರೋಹಿತ ಶಂಭು ಭಟ್ಟರೇ ಬಂದು ಮಾಡಿಕೊಡಲಿ ಎಂದು ಅವರೇ ಹೇಳಿದರು. ಅದು ಅವರ ದೊಡ್ಡ ಮನಸ್ಸು. ಚಹಾ ಕುಡಿಯುತ್ತ ಅವರು ಹೇಳಿದ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ.

"ನಮ್ಮಲ್ಲಿ ಬರಿ ಅಂತ ಉಂಟು ಮಾಷ್ಟ್ರೇ, ನಿಮ್ಮ ಗೋತ್ರದ ಹಾಗೆ. ಆದ್ರೆ ಅದು ತಾಯಿಯಿಂದ ಮಕ್ಕಳಿಗೆ ಬರುವುದು. ನಿಮ್ಮ ಗೋತ್ರ ತಂದೆಯಿಂದ ಬರುವುದು. ಇವಳ ತಾಯಿಗೆ ಬರಿ ಇಲ್ಲ, ತಂದೆಗೆ ಗೋತ್ರ ಇಲ್ಲ. ಎರಡು ದೊಡ್ಡ ಮನೆಗೆ ಸೇರಿದ ಮಗುವಿಗೆ ಎರಡೂ ಸಿಗದ ಹಾಗಾಯ್ತಲ್ಲ."

ದೂರಿನ ಧ್ವನಿಯಲ್ಲಿ ಹೇಳಲಿಲ್ಲ. ಮಗುವಿನ ಅಂಗಾಲು ಸವರುತ್ತ ಹೇಳಿದರು. ಅವರು ಹೊರಟ ಮೇಲೆ ಶಂಭು ಭಟ್ಟರಿಗೆ ಫೋನು ಮಾಡಿ ಕೇಳಿದೆ. ಅದಕ್ಕೆ ತಲೆಬಿಸಿ ಬೇಡ, ಗೋತ್ರ ತಿಳಿಯದವರಿಗೆ ಕಾಶ್ಯಪ ಎಂದು ಹೇಳುವ ಕ್ರಮ ಉಂಟು, ಹಾಗೆ ಮುಗಿಸುವ ಎಂದರು.

ತಿಳಿಯದವರಿಗೆ! ಯಾರಿಗೆ ತಿಳಿಯದ್ದು? ಸಿಟ್ಟು ಬಂತು. ಯಾರ ಮೇಲೆಂದು ಸ್ಪಷ್ಟವಾಗಲಿಲ್ಲ. ಎರಡು ಸಲ ಅಂಗಳ ಸುತ್ತಿ ಬಂದೆ.

28 ಜನವರಿ

ಎಲ್ಲ ಕಡೆಯೂ ಇದೇ ಕತೆ. ಕೀಚುಗದ ದಾಖಲೆಯನ್ನು ಲೋಕನಾಥ 'ಪ್ರಭೇದ ತಿಳಿಯದ ಕೀಚುಗ' ಎಂಬ ಕಡೆಗೆ ತಳ್ಳಿದ್ದಾನೆ. ದೂರದಿಂದ ಮಸುಕಾಗಿ ಕಂಡದ್ದನ್ನು, ಯಾರೂ ಸರಿಯಾಗಿ ನೋಡದ್ದನ್ನು ಹಾಕುವ ಜಾಗ ಅದು. ಮೂರು ತಿಂಗಳು ನಿತ್ಯ ಕಣ್ಣೆದುರಿಗಿರುವ ಹಕ್ಕಿಯನ್ನು ಅಲ್ಲಿ ಹಾಕುವುದೆಂದರೇನು? ಜೋರಾಗಿಯೇ ಕೇಳಿದೆ. ಅವನು ತಾಳ್ಮೆಯ ಮನುಷ್ಯ. ಕೆಂಪುಬಾಲದ ಗಂಡಿನ ರೆಕ್ಕೆಯಲ್ಲಿ ಬಿಳಿ ಮಚ್ಚೆ ಇರುತ್ತದೆ, ಕಂದು ಕೀಚುಗಕ್ಕೆ ಇರುವುದಿಲ್ಲ. ಕಂದು ಬೆನ್ನಿನ ಈ ಹಕ್ಕಿಯ ರೆಕ್ಕೆಯಲ್ಲಿ ಆ ಮಚ್ಚೆ ಕಾಣುವ ಹಾಗೆ ಹಾರುವಾಗಿನ ಚಿತ್ರ ಕೊಡು, ಒಪ್ಪುತ್ತೇನೆ ಎಂದ.

ಕಂಬದಿಂದ ನೆಲಕ್ಕೆ ಹಾರುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ನನ್ನ ಕೈ ಈಗ ಮೊದಲಿನ ಹಾಗೆ ನಿಲ್ಲುವುದಿಲ್ಲ. ಮಗುವನ್ನು ಎತ್ತಿಕೊಂಡಾಗ ಮಾತ್ರ ನಡುಗುವುದಿಲ್ಲ, ವಿಚಿತ್ರ.

9 ಫೆಬ್ರವರಿ, ಭಾನುವಾರ

ಸಿಕ್ಕಿತು!

ಶಿಶಿರ್ ತನ್ನ ಫೋನನ್ನು ನನ್ನ ದುರ್ಬೀನಿನ ಕಣ್ಣಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಪದವಿನ ಬಿಸಿಲಿನಲ್ಲಿ ತಲೆಗೆ ಬೈರಾಸು ಸುತ್ತಿಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತ. ಹೋಟೆಲಿನವನು, ಬಿಸಿಯ ಎದುರು ನಿಂತು ಅಭ್ಯಾಸ. ನಾನು ಮಗುವಿನೊಂದಿಗೆ ಜಗಲಿಯಲ್ಲಿದ್ದೆ. ನಿಧಾನಗತಿಯ ವಿಡಿಯೊದಲ್ಲಿ ಹಕ್ಕಿ ರೆಕ್ಕೆ ಬಿಚ್ಚುವಾಗ ಕಂದಿನ ನಡುವೆ ಬಿಳಿಯ ಮಚ್ಚೆ, ಅಕ್ಕಿಕಾಳಿನಷ್ಟು, ಸ್ಪಷ್ಟವಾಗಿ. ನಾಲ್ಕು ಜನರೂ ಒಂದು ಫೋನಿನ ಮೇಲೆ ಬಗ್ಗಿ ನೋಡಿದೆವು. ಮಗು ಸೇರಿದರೆ ಐದು.

"ಇಷ್ಟು ಬೆವರು ಸುರಿಸಿದ್ದಕ್ಕೆ ಮಾವನಿಂದ ಒಂದು ಲೋಟ ನೀರೂ ಇಲ್ವಾ?" ಎಂದು ನವ್ಯ ಕೆಣಕಿದಳು. ನಾನೇ ಎದ್ದು ಹೋಗಿ ಪುನರ್ಪುಳಿ ಶರಬತ್ತು ಮಾಡಿದೆ. ಸಕ್ಕರೆ ಎಷ್ಟು ಬೇಕು ನಿನಗೆ ಎಂದು ಒಳಗಿನಿಂದಲೇ ಕೇಳಿದೆ. ಪರಮೇಶ್ವರಿ ಈ 'ನಿನಗೆ'ಯನ್ನು ಹಿಡಿದುಕೊಂಡು ಸಂಜೆಯವರೆಗೆ ಮುಸಿಮುಸಿ ನಕ್ಕಳು. ಹೆಂಗಸರಿಗೆ ನಗಲು ಕಾರಣ ಬೇಡ.

12 ಫೆಬ್ರವರಿ

ಲೋಕನಾಥ ಒಪ್ಪಿದ. ಈಗ ಹೆಸರಿನ ಪ್ರಶ್ನೆ. ಮಿಶ್ರವೆಂದು ಖಚಿತವಾದ ಹಕ್ಕಿಯನ್ನು 'ತಿಳಿಯದು' ಎಂದು ಬರೆಯುವಂತಿಲ್ಲ, ಹೊಸ ಹೆಸರು ಕಟ್ಟುವಂತೆಯೂ ಇಲ್ಲ. ತಂದೆ ತಾಯಿ ಎರಡೂ ಪ್ರಭೇದಗಳ ಹೆಸರನ್ನು ಅಕ್ಕಪಕ್ಕ ಬರೆಯಬೇಕು. ಅದೇ ನಿಯಮ. ಯಾವುದು ಮೊದಲು ಎಂದು ಕೇಳಿದೆ. ಯಾವುದಾದರೂ ಆದೀತು, ಎರಡೂ ಇದ್ದರೆ ಸೈ ಎಂದ.

ಕಂದು ಕೀಚುಗ, ಕೆಂಪುಬಾಲದ ಕೀಚುಗ. ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತೆ. ಎಷ್ಟು ಸುಲಭದ ಮಾತಿಗೆ ಎಷ್ಟು ತಿಂಗಳು ಬೇಕಾಯಿತು.

13 ಮಾರ್ಚ್

ಮಗುವಿನ ಬಟ್ಟೆ, ಎಣ್ಣೆ, ಬಾಣಂತಿ ಲೇಹ್ಯದ ಭರಣಿ ಎಲ್ಲ ಚಾವಡಿಗೆ ಬಂದು ಕೂತಿವೆ. ಕೀಚುಗವೂ ಹೊರಡುವ ತಯಾರಿಯಲ್ಲಿದೆ ಎಂದು ತೋರುತ್ತದೆ. ಇಡೀ ದಿನ ತಿನ್ನುತ್ತದೆ, ಮೈ ತುಂಬಿಕೊಂಡಿದೆ. ಚಳಿಗಾಲ ಕಳೆದ ಪೊದೆಗೇ ಮುಂದಿನ ವರ್ಷ ತಿರುಗಿ ಬರುವುದು ಈ ಹಕ್ಕಿಗಳ ಕ್ರಮ. ಪೊದೆ ಇದ್ದರೆ.

ನವ್ಯ ಮತ್ತೆ ಬಂಟ್ವಾಳದ ಊಟದ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು. ಮಗುವನ್ನು ಮಲಗಿಸುತ್ತ ನನ್ನ ಕಡೆ ನೋಡುತ್ತಾಳೆ, ಕೇಳುವುದಿಲ್ಲ. ಅವಳು ಇನ್ನು ಬರುವುದಿಲ್ಲವೇನೋ ಎಂದು ಯೋಚಿಸುತ್ತ ಮಗುವಿನ ಬಟ್ಟೆಗಳನ್ನು ಇನ್ನೊಮ್ಮೆ ಮಡಚಿಟ್ಟೆ. ಮನೆಯ ವಿಷಯ ಬರೆಯಬಾರದೆಂಬ ನಿಯಮವನ್ನು ಇವತ್ತಿನ ಮಟ್ಟಿಗೆ ಸಡಿಲಿಸಿದ್ದೇನೆ.

16 ಮಾರ್ಚ್, ಭಾನುವಾರ

ಬಂಟ್ವಾಳದಿಂದ ಬಂದು ಬರೆಯುತ್ತಿದ್ದೇನೆ. ಮನೆ ಬಿಕೋ ಎನ್ನುತ್ತಿದೆ.

ಮುಹೂರ್ತ ಬೆಳಿಗ್ಗೆ ಬೇಗ, ತಿಂಡಿ ಅದರ ನಂತರ. ಚಾವಡಿ ತುಂಬ ಜನ. ಶಂಭು ಭಟ್ಟರು ಸಂಕಲ್ಪ ಹೇಳುತ್ತ ಗೋತ್ರದ ಜಾಗಕ್ಕೆ ಬಂದರು. ನನ್ನ ಮುಖ ನೋಡದೆ ಕಾಶ್ಯಪ ಎನ್ನಲು ಬಾಯಿ ತೆರೆದರು. ನಾನು ತಡೆದೆ.

"ಭಟ್ರೇ, ತಿಳಿಯದವರಿಗೆ ಹೇಳುವುದು ಇವಳಿಗೆ ಬೇಡ. ಇವಳದ್ದು ಎಲ್ಲ ತಿಳಿದಿದೆ. ತಂದೆಯ ಹೆಸರು ಹೇಳಿ, ತಾಯಿಯ ಹೆಸರು ಹೇಳಿ. ಗೋತ್ರ ಆಗಲೇಬೇಕಾದ್ರೆ ನನ್ನದು ಹೇಳಿ. ನಾನು ಇವಳ ಅಜ್ಜ."

ಆಗ ಜಲಜಕ್ಕ ಮುಂದೆ ಬಂದು ಮೆಲ್ಲಗೆ, "ಹಾಗಾದ್ರೆ ಅದರ ಒಟ್ಟಿಗೆ ನನ್ನ ಬರಿಯನ್ನೂ ಹೇಳಿ ಭಟ್ರೇ, ನಾನು ಅಜ್ಜಿ" ಎಂದರು. ಶಂಭು ಭಟ್ಟರ ಮಂತ್ರದಲ್ಲಿ ಅಷ್ಟು ಜಾಗವಿರಲಿಲ್ಲ. ಸ್ವಲ್ಪ ತಡವರಿಸಿ, ಜಾಗ ಮಾಡಿಕೊಂಡರು. ಶಿಶಿರ್ ಮಗುವಿನ ಕಿವಿಯಲ್ಲಿ ಹೆಸರು ಹೇಳಿದ. ಪ್ರಾಪ್ತಿ. ಮಗು ನಿದ್ದೆಯಲ್ಲಿತ್ತು.

ತಿಂಡಿಗೆ ಎಲ್ಲರೂ ಕೂತರು. ಮಧ್ಯಾಹ್ನದ ಅಡುಗೆಗೆ ಭಟ್ಟರು ಬಂದಿದ್ದರು. ಬೆಳಗಿನ ತಿಂಡಿ ಮನೆಯವರದ್ದೇ. ಜಲಜಕ್ಕ ಹಿಂದಿನ ದಿನವೇ ಎಲೆಯ ಕೊಟ್ಟೆ ಕಟ್ಟಿ, ಬೆಳಿಗ್ಗೆ ತಾವೇ ಅದರಲ್ಲಿ ಇಡ್ಲಿ ಹಿಟ್ಟು ಹೊಯ್ದು ಮೂಡೆ ಬೇಯಿಸಿದ್ದರು. ಹಬೆಯಲ್ಲಿ ಬೆಂದ ಎಲೆಯ ಪರಿಮಳ ಹೊರಗಿನವರೆಗೆ ಬರುತ್ತಿತ್ತು. ಅವರು ಎಂದಿನಂತೆ, ಏನೂ ಕೇಳದೆ, ಕೆತ್ತಿದ ಸೀಯಾಳವೊಂದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದರು. ಬಾಗಿಲಿನಲ್ಲಿ ನವ್ಯ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

ಸೀಯಾಳ ತೆಗೆದುಕೊಂಡು ಪಕ್ಕಕ್ಕಿಟ್ಟೆ. "ಇದು ಮತ್ತೆ ಆಗ್ತದೆ ಜಲಜಕ್ಕ. ಮೊದಲು ಮೂಡೆ ಬಡಿಸಿ" ಎಂದೆ.

ಅವರು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಎಲೆ ಬಿಡಿಸಿದ ಎರಡು ಮೂಡೆ, ಚಟ್ನಿ. ನಾನು ಶಿಶಿರ್‌ನ ಪಕ್ಕದಲ್ಲೇ ಕೂತು ತಿಂದೆ. ಮತ್ತೊಂದು ಕೇಳಿ ಹಾಕಿಸಿಕೊಂಡೆ.

ಮಧ್ಯಾಹ್ನದ ಊಟವನ್ನೂ ಮುಗಿಸಿ ಹೊರಡುವಾಗ ನವ್ಯ ಕಾರಿನವರೆಗೆ ಬಂದಳು. ಮಗುವಿನ ತಲೆಯನ್ನು ನನ್ನ ಭುಜಕ್ಕೆ ಒಂದು ಗಳಿಗೆ ಒರಗಿಸಿ, "ಹೊಟ್ಟೆ ಹೇಗುಂಟು ಅಪ್ಪ?" ಎಂದು ಕೇಳಿದಳು.

ಸರಿ ಉಂಟು ಎಂದೆ.